ನೀರಿನ ಲಾರಿಯ ಹಿಂದೆ

ಚಿನ್ನತಾಯಿಗೆ ಸಿಟ್ಟು ಬರಲು ದೊಡ್ಡ ಕಾರಣ ಬೇಕಿರಲಿಲ್ಲ. ಆದರೆ ಆ ದಿನ ಕಾರಣ ದೊಡ್ಡದೇ ಇತ್ತು.

ನೇಕಾರರ ಸಂಘದ ವರ್ಷದ ಮಹಾಸಭೆ ಕೊಯಮತ್ತೂರಿನಲ್ಲಿ ಸೇರಿತ್ತು. ಸಂಘ ಸಣ್ಣದಲ್ಲ. ಸೂಲೂರಿನ ಮಗ್ಗದವರು, ತಿರುಪ್ಪೂರಿನ ಬನಿಯನ್ ಕಂಪನಿಯವರು, ನೂಲಿನ ಗಿರಣಿಯವರು, ಬಣ್ಣ ಹಾಕುವವರು, ಹೊಲಿಯುವವರು, ಎರಡು ಜಿಲ್ಲೆಯಲ್ಲಿ ಬಟ್ಟೆಯಿಂದ ಅನ್ನ ತಿನ್ನುವ ಜನವೆಲ್ಲ ಅದರೊಳಗೆ. ಇಷ್ಟು ಜನರನ್ನು ಒಂದೇ ಹಗ್ಗದಲ್ಲಿ ಕಟ್ಟಲು ಆಗುವುದಿಲ್ಲವೆಂದು ಸಂಘವನ್ನು ಗುಂಪು ಗುಂಪಾಗಿ ಹಂಚಿದ್ದಾರೆ. ಒಂದೊಂದು ಗುಂಪಿಗೆ ಅಣಿ ಎಂದು ಹೆಸರು. ಪ್ರತಿ ಅಣಿಗೂ ಒಂದು ಬ್ಯಾನರ್, ಒಂದು ಬಣ್ಣದ ಶಾಲು, ಒಬ್ಬ ಮುಖಂಡ. ಮೆರವಣಿಗೆಯಲ್ಲಿ ಅವರವರ ಅಣಿಯ ಜೊತೆಗೇ ನಡೆಯಬೇಕು.

ಚಿನ್ನತಾಯಿಯ ಕೈಚೀಲದಲ್ಲಿ ಮೂರು ಶಾಲುಗಳಿದ್ದವು. ಮಗ್ಗದ ಅಣಿಯ ನೀಲಿ, ಬನಿಯನ್ ಅಣಿಯ ಹಳದಿ, ಕುಮ್ಮಿ ಕುಣಿತದ ಅಣಿಯ ಹಸಿರು.

ಮೆರವಣಿಗೆ ಹೊರಡುವ ಬಾಗಿಲಲ್ಲಿ ನಿಂತಿದ್ದ ಕಾರ್ಯಕರ್ತ ಕೇಳಿದ. "ಅಕ್ಕಾ, ನೀವು ಯಾವ ಅಣಿ?"

"ಮೂರರಲ್ಲೂ ಇದೀನಿ."

"ಮೂರು ಅಂದ್ರೆ ಹೆಂಗಕ್ಕಾ? ನಡೆಯೋದು ಎರಡು ಕಾಲ್ನಾಗೆ ತಾನೆ?"

ಸುತ್ತ ಇದ್ದವರು ನಕ್ಕರು. ಚಿನ್ನತಾಯಿ ಅವನಿಗೆ ಏನು ಹೇಳಿದಳೋ ಅದನ್ನು ಬರೆಯುವುದು ಬೇಡ. ಅವನು ಆಮೇಲೆ ಯಾರನ್ನೂ ಏನೂ ಕೇಳಲಿಲ್ಲ.

ನೀಲಿ ಬ್ಯಾನರ್ ಮೊದಲು ಬಂತು. ಮುಂದೆ ಮಗ್ಗದ ಅಣಿಯ ದಂಡಪಾಣಿ, ಬಿಳಿ ಮೀಸೆ, ಹೆಗಲ ಮೇಲೆ ನೀಲಿ ಶಾಲು. ಅವಳನ್ನು ಕಂಡು ಕೈ ಎತ್ತಿದ. "ಏನಮ್ಮಾ ಚಿನ್ನತಾಯೀ! ನಿನ್ ತಿರುಪ್ಪೂರ್ ಜನ ಹಿಂದೆ ಬತ್ತಾ ಅವ್ರೆ, ಇನ್ನಷ್ಟು ಹೊತ್ತು ನಿಲ್ಲು" ಎಂದು ಹೇಳಿ ಮುಂದೆ ಹೋದ. ಹಳದಿ ಬ್ಯಾನರ್ ಬಂತು. ಬನಿಯನ್ ಅಣಿಯ ಮಾರಪ್ಪನ್ ಅವಳಿಗಿಂತ ಚಿಕ್ಕವನು, ತಮಿಳಿನವನು. "ಸೂಲೂರಕ್ಕಾ, ಇಲ್ಲೇನು ಮಾಡ್ತಿದೀರಿ? ನಿಮ್ಮ ಜನ ಆಗಲೇ ಮುಂದೆ ಹೋದ್ರಲ್ಲ, ಓಡಿ ಓಡಿ!" ಎಂದು ತಮಿಳಿನಲ್ಲಿ ಕೂಗಿದ. ಕಡೆಗೆ ಹಸಿರು. ಕುಮ್ಮಿ ಅಣಿಯವರು ಕೈ ತಟ್ಟಿ ಕುಣಿಯುತ್ತಲೇ ಬಂದರು. ಎಲ್ಲರೂ ಒಂದೇ ಥರದ ಸೀರೆ. ಚಿನ್ನತಾಯಿ ಆ ಸೀರೆ ಉಟ್ಟುಬಂದಿರಲಿಲ್ಲ; ಉಟ್ಟಿದ್ದರೆ ನೀಲಿಯವರು ಏನೆನ್ನುತ್ತಿದ್ದರು? ಕುಣಿತ ಕಲಿಸುವ ವಾತ್ಯಾರು ಗೋಪಾಲಸಾಮಿಯ ಕಣ್ಣು ಹೆಜ್ಜೆಗಳ ಮೇಲಿತ್ತು, ಅವಳ ಮೇಲೆ ಬೀಳಲೇ ಇಲ್ಲ.

ಆಮೇಲೆ ಬಂದದ್ದು ನೀರಿನ ಲಾರಿ. ಅದರ ಹಿಂದೆ ಯಾರೂ ಇರಲಿಲ್ಲ. ಮನೆಗೆ ಹೋಗಲು ಮನಸ್ಸಿಲ್ಲ, ನಿಲ್ಲಲು ಮನಸ್ಸಿಲ್ಲ. ಚಿನ್ನತಾಯಿ ಕೈಚೀಲವನ್ನು ಕಂಕುಳಿಗೆ ಅವುಚಿಕೊಂಡು ಲಾರಿಯ ಹಿಂದೆ ನಡೆದಳು. ಲಾರಿಯ ನಲ್ಲಿ ಸೋರುತ್ತಿತ್ತು. ಅವಳ ಸೀರೆಯ ಅಂಚು ದಾರಿಯುದ್ದಕ್ಕೂ ನೆನೆಯಿತು.

ಯಾರೋ ಪುಣ್ಯಾತ್ಮರು ಅದನ್ನು ಫೋನಿನಲ್ಲಿ ಹಿಡಿದು ಊರಿಗೆಲ್ಲ ಹಂಚಿದರು.

ಮೂರು ಅಣಿಗೆ ಅವಳು ಸೇರಿದ್ದು ಆಸೆಯಿಂದಲ್ಲ. ಬದುಕು ಎಳೆದ ಕಡೆ ಹೋದಳು, ಹೋದ ಕಡೆ ಸೇರಿದಳು, ಸೇರಿದ್ದನ್ನು ಬಿಡಲಿಲ್ಲ, ಅಷ್ಟೆ. ಅವಳು ಸೂಲೂರಿನ ನೇಯ್ಗೆಯವರ ಮನೆಯ ಒಬ್ಬಳೇ ಮಗಳು. ಅಣ್ಣ ಇಲ್ಲ, ತಮ್ಮ ಇಲ್ಲ. ಹೊಸ್ತಿಲೊಳಗೆ ಕನ್ನಡ, ಹೊಸ್ತಿಲಾಚೆ ತಮಿಳು. ಕನ್ನಡದಲ್ಲಿ ಚೆನ್ನಾಗಿ ಜಗಳವಾಡಬಲ್ಲಳು, ಓದಲು ಮಾತ್ರ ಬಾರದು. ಹುಡುಗಿಯಾಗಿ ಕಂಡಿಕೆಗೆ ನೂಲು ಸುತ್ತುತ್ತಿದ್ದಾಗಲೇ ಮಗ್ಗದ ಅಣಿಗೆ ಸೇರಿದಳು. ಮದುವೆಯಾದ ಮೇಲೆ ಸೂಲೂರಿನ ಕಡೆ ಮಗ್ಗಗಳು ಒಂದರ ಹಿಂದೊಂದು ನಿಂತುಹೋದವು. ಮಗ್ಗ ರಿಪೇರಿ ಮಾಡುವ ಗಂಡ ತಿರುಮಲೈಸಾಮಿಗೆ ರಿಪೇರಿಗೆ ಮಗ್ಗವಿಲ್ಲವಾಯಿತು. ಇಬ್ಬರೂ ತಿರುಪ್ಪೂರಿಗೆ ಹೋದರು. ಅಲ್ಲಿ ಬನಿಯನ್ ಕಂಪನಿಯಲ್ಲಿ ಅವಳಿಗೆ ಚೆಕಿಂಗ್ ಕೆಲಸ ಸಿಕ್ಕಿತು. ಹೊಲಿದು ಬಂದ ಬನಿಯನ್ನನ್ನು ಬೆಳಕಿಗೆ ಹಿಡಿದು ತೂತು ಹುಡುಕುವುದು. ತೂತು ಹುಡುಕುವುದರಲ್ಲಿ ಅವಳಿಗೆ ಸಮ ಯಾರೂ ಇರಲಿಲ್ಲ, ಬನಿಯನ್ನಿನಲ್ಲೂ ಮನುಷ್ಯರಲ್ಲೂ.

ಹತ್ತು ವರ್ಷ ಅಲ್ಲಿದ್ದು, ಅಪ್ಪ ತೀರಿಹೋದ ಮೇಲೆ ಅವನ ಎರಡು ಮಗ್ಗ ಓಡಿಸಲು ಮತ್ತೆ ಸೂಲೂರಿಗೆ ಬಂದಳು. ಬನಿಯನ್ ಅಣಿಯನ್ನು ಬಿಡಬೇಕಿತ್ತು, ಬಿಡಲಿಲ್ಲ. ಹತ್ತು ವರ್ಷ ಜೊತೆಯಲ್ಲಿ ಜಗಳವಾಡಿದವರನ್ನು ಬಿಟ್ಟು ಬರುವುದು ಹೇಗೆ? ತಿಂಗಳಿಗೊಮ್ಮೆ ಬಸ್ಸು ಹತ್ತಿ ಅವರ ಸಭೆಗೆ ಹೋಗುತ್ತಿದ್ದಳು. ಮೂರು ವರ್ಷದ ಕೆಳಗೆ ಊರೂರಲ್ಲೂ ಕುಮ್ಮಿಯ ಹುಚ್ಚು ಹಿಡಿಯಿತು. ಸಂಘವೂ ಒಂದು ಕುಮ್ಮಿ ಅಣಿ ಕಟ್ಟಿತು. ಪೆರಿಯನಾಯಕನಪಾಳ್ಯದ ವರ್ಕ್‌ಶಾಪಿನಲ್ಲಿ ಲೇತ್ ನಡೆಸುವ ಗೋಪಾಲಸಾಮಿ ಭಾನುವಾರ ಭಾನುವಾರ ಸೂಲೂರಿಗೆ ಬಂದು ಹೆಜ್ಜೆ ಕಲಿಸತೊಡಗಿದ. ಮಂಡಿ ನೋವಿಗೆ ಒಳ್ಳೆಯದು ಎಂದು ಯಾರೋ ಹೇಳಿದರು. ಮಂಡಿ ನೋವು ಹೋಗಲಿಲ್ಲ, ಚಿನ್ನತಾಯಿಯೂ ಅಲ್ಲಿಂದ ಹೋಗಲಿಲ್ಲ.

ಮೂರು ಕಡೆಯೂ ಅವಳು ಬೇರೆ ಕಡೆಯವಳೇ. ಮಗ್ಗದವರಿಗೆ ಅವಳು ತಿರುಪ್ಪೂರಿಗೆ ಹೋಗಿಬಂದವಳು. ಬನಿಯನ್‌ನವರಿಗೆ ಸೂಲೂರಕ್ಕ. ಕುಮ್ಮಿಯವರಿಗೆ ಮಗ್ಗದಮ್ಮ. ಇಷ್ಟು ದಿನ ಅದು ಅವಳನ್ನು ಅಷ್ಟಾಗಿ ಚುಚ್ಚಿರಲಿಲ್ಲ. ಲಾರಿಯ ಹಿಂದೆ ನಡೆದ ಮೇಲೆ ಚುಚ್ಚಿತು.

ಆ ವೀಡಿಯೊ ಉಡುಮಲೈಪೇಟೆಗೂ ಹೋಯಿತು. ಅಲ್ಲಿ ಅವಳ ಬೀಗರ ಮನೆ. ಒಬ್ಬಳೇ ಮಗಳು ಸರಣ್ಯಾಳನ್ನು ಅಲ್ಲಿನ ತೆಂಗಿನ ತೋಟದ ಲಿಂಗಪ್ಪನ್ ಮಗನಿಗೆ ಕೊಟ್ಟಿದ್ದರು. ಅವರೂ ಮನೆಯಲ್ಲಿ ಕನ್ನಡ ಆಡುವವರೇ, ಆದರೆ ಮಣ್ಣಿನವರು. ನೂಲಿನವರನ್ನು ಕಂಡರೆ ಸ್ವಲ್ಪ ತಮಾಷೆ. ಮೊಮ್ಮಗಳು ಜನನಿಗೆ ಮೂರು ತುಂಬುತ್ತಿತ್ತು. ಅವಳ ಕಿವಿ ಚುಚ್ಚುವ ಮಾತಾಡಲು ಹೋದ ಚಿನ್ನತಾಯಿಗೆ ಲಿಂಗಪ್ಪನ್ ಎಳನೀರು ಕೊಟ್ಟು, ಅವಳು ಎರಡು ಗುಟುಕು ಕುಡಿಯುವವರೆಗೆ ಕಾದು, ಆಮೇಲೆ ಕೇಳಿದ.

"ಸಮ್ಮಂದೀ, ನಿಮ್ ಸಂಗದಾಗೆ ನೀರ್ ಲಾರಿ ಅಣಿ ಅಂತ ಒಂದೈತಂತೆ?"

ಸರಣ್ಯಾ ಒಳಗಿನಿಂದ "ಮಾವಾ!" ಎಂದಳು.

"ಇಲ್ಲಮ್ಮಾ, ತಿಳ್ಕಣಾಕೆ ಕೇಳಿದೆ. ಅದಕ್ಕೆ ಒಬ್ಬರೇ ಮೆಂಬರು, ಅವರೇ ಲೀಡರು ಅಂತ ಊರಾಗೆ ಮಾತು."

ಚಿನ್ನತಾಯಿ ಎಳನೀರನ್ನು ಕೆಳಗಿಟ್ಟಳು. "ನಗಿ, ನಗಿ. ಮಗೀಗೆ ಕಿವಿ ಚುಚ್ಚೋ ದಿನ ನಗೋರಂತೆ. ನಮ್ ಸಂಗ ಸೀರು ಹೊತ್ಕೊಂಡು ನಿಮ್ ತೋಟಕ್ಕೆ ಬತ್ತೈತೆ. ದಾರಿ ಸಾಲ್ದಿದ್ರೆ ಎರಡು ತೆಂಗು ಕಡಿಸಿ ಇಡಿ."

ಹೇಳಿದ್ದು ಹೇಳಿಬಿಟ್ಟಳು. ಬಸ್ಸಿನಲ್ಲಿ ಕೂತ ಮೇಲೆ ಸಂಘದಲ್ಲಿ ಯಾರನ್ನು ಕರೆಯುವುದೆಂದು ಯೋಚನೆ ಹತ್ತಿತು.

ಈ ಸೀಮೆಯಲ್ಲಿ ಮಗುವಿಗೆ ಕಿವಿ ಚುಚ್ಚಬೇಕಾದರೆ ಸೋದರಮಾವ ಬೇಕೇ ಬೇಕು. ಸೀರು ತರುವವನು ಅವನು: ತಟ್ಟೆ ತಟ್ಟೆಯಲ್ಲಿ ಹಣ್ಣು, ಹೂ, ಬೆಲ್ಲ, ಮಗುವಿಗೆ ಹೊಸ ಬಟ್ಟೆ. ಮಗು ಅವನ ತೊಡೆಯ ಮೇಲೆ ಕೂತರೇ ಅಕ್ಕಸಾಲಿ ಸೂಜಿ ಎತ್ತುವುದು. ಸರಣ್ಯಾಳಿಗೆ ಅಣ್ಣತಮ್ಮಂದಿರಿಲ್ಲ. ಅಂಥ ಮನೆಗಳಿಗಾಗಿ ಸಂಘದಲ್ಲಿ ಒಂದು ವಾಡಿಕೆ ಬೆಳೆದು ಬಂದಿದೆ. ಯಾವ ಮನೆಗೆ ಮಾವನಿಲ್ಲವೋ ಆ ಮನೆಯ ಅಣಿಯೇ ಮಾವ. ಅಣಿಯವರು ಸೀರು ಹೊತ್ತು ಬರುತ್ತಾರೆ, ಮುಖಂಡ ತೊಡೆ ಕೊಡುತ್ತಾನೆ. ಚಿನ್ನತಾಯಿಯೇ ಎಷ್ಟೋ ಮನೆಗೆ ಬಾಳೆಗೊನೆ ಹೊತ್ತು ಹೋಗಿದ್ದಾಳೆ, ಒಮ್ಮೆ ನೀಲಿ ಶಾಲಿನಲ್ಲಿ, ಒಮ್ಮೆ ಹಳದಿಯಲ್ಲಿ, ಒಮ್ಮೆ ಹಸಿರಿನಲ್ಲಿ.

ಮಾವನನ್ನು ಕರೆಯುವುದಕ್ಕೂ ಒಂದು ಕ್ರಮ ಇದೆ. ಬರೀ ಪತ್ರಿಕೆ ಕೊಟ್ಟರೆ ಅವನು ನೆಂಟ. ಬಂದು ಉಂಡು ಹೋಗುತ್ತಾನೆ. ವೀಳ್ಯದ ತಟ್ಟೆಯನ್ನು ಮುಂದಿಟ್ಟು, "ನೀನು ಬಂದು ನಿಂತು ನಡೆಸಿಕೊಡಬೇಕು" ಎಂದರೆ ಆಗ ಅವನು ಮಾವ. ತಟ್ಟೆ ಹೋಗುವುದು ಒಂದೇ ಕಡೆಗೆ. ತಟ್ಟೆ ಬಾರದ ಕಡೆಯವರು ಸೀರು ತಂದರೆ ಅದು ಇನ್ನೊಬ್ಬರ ಹಕ್ಕು ಕಿತ್ತುಕೊಂಡಂತೆ. ಅದಕ್ಕೆ ಕೈ ಕೈ ಮಿಲಾಯಿಸಿದ್ದೂ ಉಂಟು.

ಪತ್ರಿಕೆ ಅಚ್ಚಾಗಿ ಬಂದ ದಿನ ತಿರುಮಲೈಸಾಮಿ ಹಿತ್ತಾಳೆಯ ತಟ್ಟೆಯನ್ನು ತಾನೇ ಹುಣಸೆಹಣ್ಣು ಹಾಕಿ ತಿಕ್ಕಿ ಹೊಳೆಯಿಸಿ ಅವಳ ಮುಂದಿಟ್ಟ. ಅವನು ಮಾತು ಕಡಿಮೆಯ ಮನುಷ್ಯ. ಮಗ್ಗದ ಸದ್ದಿನಲ್ಲಿ ಬದುಕಿದವರು ಒಂದೋ ಕೂಗುತ್ತಾರೆ, ಇಲ್ಲವೋ ಸುಮ್ಮನಿರುತ್ತಾರೆ. ಆ ಮನೆಯಲ್ಲಿ ಇಬ್ಬರೂ ಹಂಚಿಕೊಂಡಿದ್ದರು.

"ಯಾರಿಗೆ?" ಎಂದ.

"ಯಾರಿಗೂ ಇಲ್ಲ."

ಅವನು ಅವಳ ಮುಖ ನೋಡಿದ.

"ದಂಡಪಾಣಿಯಣ್ಣಂಗೆ ಇಟ್ರೆ ತಿರುಪ್ಪೂರ್‌ನೋರು ಮುಖ ತಿರುಗಿಸ್ತಾರೆ. ಅವರಿಗೆ ಇಟ್ರೆ ಕುಮ್ಮಿಯೋರು, ಹಂಗಾದ್ರೆ ನಾವು ಬರೀ ಕುಣಿಯಾಕಾ ಅಂತಾರೆ. ಒಂದು ಕಡೆ ಇಟ್ಟು ಎರಡು ಕಡೆ ಕಳ್ಕೊಳ್ಳೋದಾ? ಮತ್ತೆ ಇಷ್ಟು ವರ್ಷ ನಾನು ಹೊತ್ತಿದೀನಲ್ಲ, ನನ್ನ ಯಾರಾದ್ರೂ ತಟ್ಟೆ ಇಟ್ಟು ಕರೆದ್ರಾ? ಮಾವ ಅನ್ನೋನು ತಾನೇ ತಿಳ್ಕಂಡು ಬರ್ಬೇಕು. ಬೇಡಿ ಕರೆಸಿದ್ರೆ ಅವನು ಮಾವ ಅಲ್ಲ, ಕೂಲಿ."

"ಇಡು" ಎಂದ ತಿರುಮಲೈಸಾಮಿ. ಅವನ ಮಟ್ಟಿಗೆ ಅದು ವಾದ.

"ಇಡಲ್ಲ" ಎಂದಳು.

ಮೂರು ಕಡೆಗೂ ಬರೀ ಪತ್ರಿಕೆ ಹೋಯಿತು. ದಂಡಪಾಣಿಯ ಶೆಡ್ಡಿನಲ್ಲಿ ಹನ್ನೆರಡು ಮಗ್ಗ ಬಡಿಯುತ್ತಿದ್ದವು. ಪತ್ರಿಕೆ ತೆಗೆದುಕೊಳ್ಳುವಾಗ ಅವನ ಕಣ್ಣು ಅವಳ ಬೆನ್ನ ಹಿಂದೆ ಏನನ್ನೋ ಹುಡುಕಿತು. "ಅಷ್ಟೇನಾಮ್ಮಾ?" ಎಂದು ಕೂಗಿದ. "ಅಷ್ಟೇ ಅಣ್ಣಾ" ಎಂದು ಅವಳೂ ಕೂಗಿದಳು. "ಸೆರಿ, ಬತ್ತೀವಿ." ತಿರುಪ್ಪೂರಿನಲ್ಲಿ ಮಾರಪ್ಪನ್ ಟೀ ಕುಡಿಸಿ, ಪತ್ರಿಕೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಬಂದು ಊಟ ಮಾಡ್ತೀವಿ ಬಿಡಿ ಅಕ್ಕಾ" ಎಂದ. ದನಿಯಲ್ಲಿ ಏನೋ ಕಮ್ಮಿಯಾಗಿತ್ತು. ಗೋಪಾಲಸಾಮಿ ಹೆಜ್ಜೆ ಕಲಿಸುವುದರ ನಡುವೆ ಪತ್ರಿಕೆಯನ್ನು ಕಣ್ಣಿಗೊತ್ತಿ ಅಂಗಿಯ ಜೇಬಿಗಿಟ್ಟುಕೊಂಡ.

ಮೂವರಲ್ಲಿ ಒಬ್ಬನಾದರೂ ಅರ್ಥಮಾಡಿಕೊಂಡಿರುತ್ತಾನೆ ಎಂದುಕೊಂಡಳು. ತೂತು ಹುಡುಕುವ ಕಣ್ಣು ಅವಳದು. ತನ್ನದೇ ನೇಯ್ಗೆಯ ತೂತು ಕಾಣಲಿಲ್ಲ.

ಕಿವಿ ಚುಚ್ಚುವ ದಿನ ಬೆಳಗ್ಗೆ ಲಿಂಗಪ್ಪನ್ ತೋಟದ ಅಂಚಿನ ಮನೆದೇವರ ಗುಡಿಯ ಮುಂದೆ ಶಾಮಿಯಾನ ಹಾಕಿದ್ದರು. ತಿರುಮಲೈಸಾಮಿ ತೋಟದ ಬಾಯಲ್ಲಿ ನಿಂತು ಬಂದ ಗಾಡಿಗಳಿಗೆ ಜಾಗ ತೋರಿಸುತ್ತಿದ್ದ. ಮಾತಿಲ್ಲದೆ ಕೈಯಲ್ಲೇ ಆಗುವ ಕೆಲಸ, ಅವನೇ ಆರಿಸಿಕೊಂಡಿದ್ದು. ಸೂಲೂರಿನವರು ವ್ಯಾನಿನಲ್ಲಿ ಬಂದರು. ತಿರುಪ್ಪೂರಿನವರು ಬನಿಯನ್ ಸಾಗಿಸುವ ಟೆಂಪೋದಲ್ಲಿ ಬಂದರು. ಕುಮ್ಮಿಯವರು ಬಸ್ಸಿಳಿದು ರಸ್ತೆಯಿಂದ ನಡೆದೇ ಬಂದರು.

ಚಿನ್ನತಾಯಿಗೆ ಮೂರೂ ಗುಂಪು ಕಂಡು ಎದೆ ಉಬ್ಬಿತು. ಆಮೇಲೆ ಅವರ ಕೈ ನೋಡಿದಳು. ಎಲ್ಲರ ಕೈಯೂ ಖಾಲಿ.

ಬಂದವರು ಬಾಗಿಲಲ್ಲಿ ಚಂದನ ಹಚ್ಚಿಕೊಂಡು, ಸಕ್ಕರೆ ಬಾಯಿಗೆ ಹಾಕಿಕೊಂಡು, ಹಿಂದಿನ ಸಾಲಿನ ಕುರ್ಚಿಗಳಲ್ಲಿ ಹೋಗಿ ಕೂತರು. ಮಗ್ಗದವರು ಎಡಕ್ಕೆ, ಬನಿಯನ್‌ನವರು ಬಲಕ್ಕೆ, ಕುಮ್ಮಿಯವರು ಕಂಬದ ಹತ್ತಿರ. ನಡುವೆ ಖಾಲಿ ಕುರ್ಚಿಗಳು. ಇಡ್ಲಿ ತಿಂದರು, ಕೇಸರಿಬಾತು ಚೆನ್ನಾಗಿದೆ ಎಂದರು. ಕೈ ತೊಳೆದು ಬಂದು ಮತ್ತೆ ಅಲ್ಲೇ ಕೂತರು. ಪಕ್ಕದ ಗುಂಪಿನ ಕಡೆ ಆಗಾಗ ಕಳ್ಳನೋಟ. ಯಾರೂ ಏಳಲಿಲ್ಲ.

ಅಕ್ಕಸಾಲಿ ಪೆಟ್ಟಿಗೆ ಬಿಚ್ಚಿ ಸೂಜಿಯನ್ನು ಅರಿಶಿನದ ನೀರಿಗೆ ಹಾಕಿದ. ಜನನಿ ಅದನ್ನು ನೋಡಿ ಅಮ್ಮನ ಸೆರಗಿನೊಳಗೆ ಸೇರಿಕೊಂಡಳು.

"ಮಾವ ಬರ್ಲಿ" ಎಂದ ಅಕ್ಕಸಾಲಿ.

ಲಿಂಗಪ್ಪನ್‌ನ ಕಡೆಯ ಹೆಂಗಸರು ತಲೆ ತಿರುಗಿಸಿ ಚಿನ್ನತಾಯಿಯನ್ನು ನೋಡಿದರು. ಸರಣ್ಯಾ ನೆಲ ನೋಡಿದಳು.

ಲಿಂಗಪ್ಪನ್ ಎದ್ದು ಅವಳ ಹತ್ತಿರ ಬಂದ. ನೀರಿನ ಲಾರಿಯ ಮಾತು ಬರುತ್ತದೆ ಎಂದು ಅವಳು ಹಲ್ಲು ಕಚ್ಚಿಕೊಂಡಳು. ಬರಲಿಲ್ಲ. ಅವನು ದನಿ ತಗ್ಗಿಸಿ ಹೇಳಿದ: "ಸಮ್ಮಂದೀ, ಮನಸ್ಸಿಗೆ ತಗೋಬೇಡಿ. ನಮ್ ದೊಡ್ಡಪ್ಪನ ಮಗ ಸೆಂದಿಲ್ ಇದಾನೆ, ಅವನ್ನೇ ಮಾವ ಅಂತ ಕೂರಿಸಿಬಿಡಾಣ. ಯಾರು ಕೇಳ್ತಾರೆ? ಹೊತ್ತು ಮೀರ್ತೈತೆ."

ತಮಾಷೆ ಮಾಡಿದ್ದರೆ ತಿರುಗಿಸಿ ಕೊಡಬಹುದಿತ್ತು. ಮರುಕಕ್ಕೆ ಏನು ಕೊಡುವುದು? "ಒಂದ್ ನಿಮಿಷ" ಎಂದು ಚಿನ್ನತಾಯಿ ಗುಡಿಯ ಹಿಂದಕ್ಕೆ ಹೋದಳು.

ಅಲ್ಲಿ ದನಗಳಿಗೆ ನೀರು ಬಿಡುವ ತೊಟ್ಟಿಯಿತ್ತು. ಮುಖ ತೊಳೆದಳು. ಮತ್ತೆ ತೊಳೆದಳು. ಅಳುತ್ತಿರಲಿಲ್ಲ, ಅಳು ಬರುವುದಕ್ಕೆ ಮೊದಲೇ ನೀರು ಹಾಕಿಕೊಳ್ಳುತ್ತಿದ್ದಳು. ಹಿಂದೆ ತಿರುಮಲೈಸಾಮಿ ಬಂದು ನಿಂತ.

"ವ್ಯಾನಲ್ಲಿ ಐತೆ" ಎಂದ.

"ಏನೈತೆ?"

"ಸೀರು."

"ಯಾವ ವ್ಯಾನಲ್ಲಿ?"

"ಟೆಂಪೋದಲ್ಲೂ ಐತೆ."

ಅವನ ಬಾಯಿಂದ ಎರಡು ವಾಕ್ಯ ಒಟ್ಟಿಗೆ ಬಂದದ್ದೇ ಅಪರೂಪ. ಅವಳು ಅವನ ತೋಳು ಹಿಡಿದು ಎಳೆದುಕೊಂಡು ಹೋದಳು.

ಸೂಲೂರಿನ ವ್ಯಾನಿನ ಹಿಂದಿನ ಸೀಟಿನಲ್ಲಿ ಮಗ್ಗದ ಹಾಸುಬಟ್ಟೆ ಮುಚ್ಚಿತ್ತು. ಎತ್ತಿದಳು. ತಟ್ಟೆಗಳು: ಬಾಳೆಹಣ್ಣು, ಬೆಲ್ಲದ ಅಚ್ಚು, ಮಲ್ಲಿಗೆ, ರೇಷ್ಮೆಯ ಪುಟ್ಟ ಲಂಗ, ಅದರ ಮೇಲೆ ಒಂದು ಜೊತೆ ಕಾಲ್ಗೆಜ್ಜೆ. ಟೆಂಪೋದಲ್ಲಿ ರಟ್ಟಿನ ಪೆಟ್ಟಿಗೆಗಳ ಹಿಂದೆ ಇನ್ನೊಂದು ಸೀರು. ತಿರುಪ್ಪೂರಿನವರಿಗೆ ಕ್ರಮ ಸರಿಯಾಗಿ ಗೊತ್ತಿರಲಿಲ್ಲ. ತಟ್ಟೆಗಳಲ್ಲಿ ಹಣ್ಣಿಗಿಂತ ಬಟ್ಟೆಯೇ ಹೆಚ್ಚು. ಹುಟ್ಟಿದ ಮಗುವಿನಿಂದ ಹತ್ತು ವರ್ಷದವರೆಗೆ ಆಗುವಷ್ಟು ಫ್ರಾಕುಗಳು. ಚಿನ್ನತಾಯಿ ಅಭ್ಯಾಸದಂತೆ ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು. ತೂತಿರಲಿಲ್ಲ.

"ಕುಮ್ಮಿಯೋರು ಬಸ್ಸಲ್ಲಿ ಬಂದ್ರಲ್ಲ" ಎಂದಳು.

"ವಾತ್ಯಾರ ಕುರ್ಚಿ ಕೆಳಗೆ. ಚೀಲ" ಎಂದ ಗಂಡ.

ಆಗ ಅವಳಿಗೆ ಸಿಟ್ಟು ಬಂತು. ಅದು ಹಳೆಯ, ಗುರುತಿನ, ಆರೋಗ್ಯವಾದ ಸಿಟ್ಟು. ಮಂಡಿ ನೋವು ಮರೆತು ನಡೆದಳು. ಶಾಮಿಯಾನದ ಬಾಗಿಲಲ್ಲಿ ನೆಂಟರಿಗಾಗಿ ಇಟ್ಟಿದ್ದ ವೀಳ್ಯದ ತಟ್ಟೆಯನ್ನು ಎತ್ತಿಕೊಂಡು ನೇರವಾಗಿ ಹಿಂದಿನ ಸಾಲಿಗೆ ಹೋದಳು.

"ಏಳ್ರೀ ಮೂರು ಜನಾನೂ!"

ಮೂವರು ಮುಖಂಡರೂ ಎದ್ದರು. ಲಿಂಗಪ್ಪನ್‌ನ ಕಡೆಯವರಲ್ಲೂ ನಾಲ್ಕಾರು ಜನ ಗಾಬರಿಯಲ್ಲಿ ಎದ್ದರು.

"ದಂಡಪಾಣಿಯಣ್ಣಾ, ವ್ಯಾನಲ್ಲಿ ಬಟ್ಟೆ ಮುಚ್ಚಿ ಇಟ್ಟಿರೋದು ಏನು?"

ದಂಡಪಾಣಿ ಮೀಸೆ ಸವರಿಕೊಂಡ. "ನೀನು ತಟ್ಟೆ ಇಡಲಿಲ್ಲಲ್ಲಮ್ಮಾ. ಬರೀ ಪತ್ರಿಕೆ ಕೊಟ್ಟು ಹೋದೆ. ಹತ್ತು ವರ್ಷ ಇದ್ದ ಊರು, ತಿರುಪ್ಪೂರ್‌ನೋರಿಗೆ ಇಟ್ಟಿರ್ತೀಯ ಅಂದ್ಕಂಡೆ."

"ನಮಗೆಲ್ಲಿ ಇಟ್ರು?" ಮಾರಪ್ಪನ್ ತಮಿಳಿನಲ್ಲೇ ಸಿಡುಕಿದ. "ಹುಟ್ಟಿದೂರು ಸೂಲೂರು, ತಟ್ಟೆ ಅಲ್ಲೇ ಹೋಗಿರುತ್ತೆ ಅಂತ ನಾವು ಬಾಯಿ ಮುಚ್ಕೊಂಡು ಇಡ್ಲಿ ತಿಂದ್ವಿ."

"ವಾತ್ಯಾರೇ, ನೀವು?"

ಗೋಪಾಲಸಾಮಿ ಕುರ್ಚಿಯ ಕೆಳಗಿನ ಚೀಲವನ್ನು ಕಾಲಿನಿಂದ ಇನ್ನಷ್ಟು ಒಳಕ್ಕೆ ತಳ್ಳಿದ. "ನಾವು ನೆನ್ನೆ ಮೊನ್ನೆ ಬಂದೋರಮ್ಮಾ. ಇಷ್ಟು ಹಳಬರಿರುವಾಗ ನಮಗೆ ಎಲ್ಲಿ ಇಡ್ತೀರಿ ಅಂತ."

"ಹಂಗಾದ್ರೆ ಸೀರು ಯಾಕೆ ತಂದ್ರಿ?"

ದಂಡಪಾಣಿಯೇ ಕಡೆಗೆ ಬಾಯಿಬಿಟ್ಟ. "ಒಂದು ವೇಳೆ ಅವರು ಬರ್ದೇ ಇದ್ರೆ ಅಂತ."

"ಯಾರು ಬರ್ದೇ ಇದ್ರೆ?"

"ಯಾರಿಗೆ ಇಟ್ಟಿದೀಯೋ ಅವರು. ನಮ್ಮ ಹುಡುಗಿ ಬೀಗರ ಮುಂದೆ ತಲೆ ತಗ್ಗಿಸಿ ನಿಂತ್ಕೋಬಾರ್ದಲ್ಲ."

"ನಿಂತ್ಕಂಡೆನಲ್ಲ ಈಗ! ಕಣ್ಣಲ್ಲಿ ನೋಡ್ತಾ ಕೂತಿದ್ರಲ್ಲ!"

"ಇಳಿಸಿದ್ರೆ ಇವರ ಹಕ್ಕು ಕಿತ್ಕಂಡ ಹಂಗಲ್ವಾ?" ಎಂದು ದಂಡಪಾಣಿ ಮಾರಪ್ಪನ್ ಕಡೆ ಕೈ ತೋರಿಸಿದ. "ಅವರು ಇಳಿಸ್ಲಿ ಅಂತ ನಾವು ಕಾಯ್ತಿದ್ವಿ."

"ನಾವು ನಿಮ್ಮನ್ನ ಕಾಯ್ತಿದ್ವಿ" ಎಂದ ಮಾರಪ್ಪನ್.

"ಇಬ್ಬರಲ್ಲಿ ಯಾರಾದ್ರೂ ಒಬ್ಬರು ಏಳಲಿ ಅಂತ ನಾನು ಆಗ್ಲಿಂದ ದೇವರಿಗೆ ಕೈ ಮುಗೀತಾ ಇದೀನಿ" ಎಂದ ಗೋಪಾಲಸಾಮಿ.

ಯಾರೋ ಕಿಸಕ್ಕೆಂದು ನಕ್ಕರು. ಚಿನ್ನತಾಯಿ ನಗಲಿಲ್ಲ. ತಟ್ಟೆಯನ್ನು ಯಾರ ಮುಂದೆ ಇಡುವುದೆಂದು ಒಂದು ಕ್ಷಣ ಕೈ ತಡೆಯಿತು. ಒಂದು ತಿಂಗಳು ತಡೆದದ್ದೂ ಇದೇ ಕೈ. ಆಮೇಲೆ ಮೂವರ ನಡುವಿನ ನೆಲದ ಮೇಲೆ, ಯಾರ ಕಾಲಿಗೂ ಹತ್ತಿರವಾಗದಂತೆ ಇಟ್ಟಳು.

"ಇಡಲಿಲ್ಲ, ನನ್ನ ತಪ್ಪು, ಸೆರಿ. ಈಗ ಇಟ್ಟಿದೀನಿ. ಮೂರು ಜನಾನೂ ಒಟ್ಟಿಗೆ ಎತ್ತಿ. ಒಬ್ಬರೇ ಎತ್ತಿದ್ರೂ ನಂಗೆ ಬೇಡ, ಇಬ್ಬರು ಎತ್ತಿದ್ರೂ ಬೇಡ. ಎತ್ತಲ್ಲ ಅಂದ್ರೆ ಹೇಳಿ, ನಾನೇ ಮಗೂನ ತೊಡೆ ಮೇಲೆ ಹಾಕ್ಕಂಡು ಕೂತ್ಕತೀನಿ. ನೀವು ಹೊಟ್ಟೆ ತುಂಬ ಊಟ ಮಾಡಿ ಬಸ್ಸು ಹತ್ತಿ."

ದಂಡಪಾಣಿಗೆ ಬೆನ್ನು ನೋವು, ಬಗ್ಗಲು ಹೊತ್ತಾಯಿತು. ಮಾರಪ್ಪನ್ ಕಾದ. ಮೂವರೂ ಬಗ್ಗಿ ಮೂರು ಕಡೆ ಹಿಡಿದು ಎತ್ತಿದರು. ಮೂರು ಎತ್ತರದ ಜನ. ತಟ್ಟೆ ವಾಲಿತು, ತೆಂಗಿನಕಾಯಿ ಉರುಳಿ ಹೋಗಿ ಲಿಂಗಪ್ಪನ್‌ನ ಕಾಲ ಬಳಿ ನಿಂತಿತು. ಅವನು ಅದನ್ನೆತ್ತಿ ಮತ್ತೆ ತಟ್ಟೆಗೆ ಹಾಕಿದ. ತೆಂಗಿನ ತೋಟದವನಾದ್ದರಿಂದ ಹಾಕುವ ಮೊದಲು ಒಮ್ಮೆ ಅಲ್ಲಾಡಿಸಿ ನೋಡಿದ.

ಆಮೇಲೆ ನಡೆದದ್ದರಲ್ಲಿ ಕ್ರಮ ಹುಡುಕಬಾರದು. ಸೀರನ್ನು ತೋಟದ ಬಾಯಿಂದ ಮತ್ತೆ ಹೊತ್ತು ತರಬೇಕೆಂದು ಹಿರಿಯ ಹೆಂಗಸೊಬ್ಬಳು ಹಟ ಹಿಡಿದಳು. ಎಲ್ಲರೂ ಹೊರಗೆ ಹೋದರು. ಕುಮ್ಮಿಯವರು ಚೀಲದಿಂದ ಬಳೆ, ಕಲ್ಲುಸಕ್ಕರೆ, ಒಂದು ಪುಟ್ಟ ಕನ್ನಡಿ ತೆಗೆದು ಬೀಗರ ಮನೆಯ ತಟ್ಟೆಯನ್ನೇ ಸಾಲ ಪಡೆದು ಜೋಡಿಸಿಕೊಂಡರು. ಅವರು ಮುಂದೆ ಕೈ ತಟ್ಟಿ ಕುಣಿದರು. ಹಿಂದೆ ನೀಲಿ ಶಾಲು, ಹಳದಿ ಶಾಲು ಬೆರೆತು ಬಂದವು. ಬೇರೆ ಬೇರೆ ನಡೆಯಲು ತೆಂಗಿನ ಸಾಲುಗಳ ನಡುವೆ ಜಾಗವಿರಲಿಲ್ಲ. ತಿರುಪ್ಪೂರಿನ ಒಬ್ಬ ಹುಡುಗಿ ಸೂಲೂರಿನ ತಟ್ಟೆ ಹೊತ್ತಿದ್ದಳು, ಯಾರು ಕೊಟ್ಟರೋ ಗೊತ್ತಿಲ್ಲ. ಲಿಂಗಪ್ಪನ್ ಬಾಯಿ ತೆರೆದು ನೋಡುತ್ತ ನಿಂತ. ದಾರಿ ನಿಜವಾಗಿಯೂ ಸಾಲಲಿಲ್ಲ.

ಉಳಿದದ್ದು ತೊಡೆಯ ಪ್ರಶ್ನೆ. ಮಗು ಒಂದು, ಮಾವಂದಿರು ಮೂವರು. ಹಿರಿಯರು ಯಾರೆಂದು ಕೇಳೋಣ ಎಂದಿತು ಒಂದು ದನಿ. ಚೀಟಿ ಹಾಕೋಣ ಎಂದಿತು ಇನ್ನೊಂದು. ಚಿನ್ನತಾಯಿ ಇಬ್ಬರನ್ನೂ ಕಣ್ಣಲ್ಲೇ ಕೂರಿಸಿ, ಮೂವರು ಮುಖಂಡರನ್ನು ಚಾಪೆಯ ಮೇಲೆ ಸಾಲಾಗಿ, ಮಂಡಿಗೆ ಮಂಡಿ ತಾಗುವಂತೆ ಕೂರಿಸಿದಳು. ಆಮೇಲೆ ಜನನಿಯನ್ನು ಎತ್ತಿ ತಂದು ಮೂವರ ತೊಡೆಗಳ ಮೇಲೆ ಅಡ್ಡಡ್ಡ ಮಲಗಿಸಿದಳು. ತಲೆ ದಂಡಪಾಣಿಯ ತೊಡೆಗೆ, ಹೊಟ್ಟೆ ನಡುವಿನ ಗೋಪಾಲಸಾಮಿಗೆ, ಕಾಲು ಮಾರಪ್ಪನ್‌ಗೆ.

ಅಕ್ಕಸಾಲಿ ಸೂಜಿ ಹಿಡಿದವನು ಹಾಗೇ ನಿಂತ. "ನಮ್ಮ ತಾತನ ಕಾಲದಿಂದ ಚುಚ್ತಾ ಇದೀವಿ. ಇಂಥ ಮಾವನ್ನ ನಾನು ನೋಡಿಲ್ಲ."

"ನೋಡಿದ್ರಲ್ಲ ಈಗ. ಚುಚ್ಚಿ" ಎಂದಳು ಚಿನ್ನತಾಯಿ.

ಬಲಗಿವಿ ಚುಚ್ಚಿದಾಗ ಜನನಿ ಉಸಿರು ಹಿಡಿದಳು. ಎಡಗಿವಿಗೆ ಬಂದಾಗ ಉಡುಮಲೈಪೇಟೆಗೆಲ್ಲ ಕೇಳುವಂತೆ ಕಿರುಚಿ ಕಾಲು ಝಾಡಿಸಿದಳು. ಒದೆತ ಸರಿಯಾಗಿ ಮಾರಪ್ಪನ್‌ನ ಗಲ್ಲಕ್ಕೆ ಬಿತ್ತು. ಅದೇ ಹೊತ್ತಿಗೆ ಗೋಪಾಲಸಾಮಿ "ಅಯ್ಯೋ" ಎಂದ. ಅವನ ಬಿಳಿ ಪಂಚೆಯ ನಡುವೆ ಬಿಸಿಯಾದ ಒದ್ದೆ ಹರಡುತ್ತಿತ್ತು. ಏಳುವಂತಿರಲಿಲ್ಲ, ಎಡಗಿವಿ ಇನ್ನೂ ಮುಗಿದಿರಲಿಲ್ಲ.

ಊಟಕ್ಕೆ ಕೂತಾಗಲೇ ಜಗಳ ಶುರುವಾಯಿತು.

"ತಲೆ ಇದ್ದದ್ದು ನನ್ನ ತೊಡೆ ಮೇಲೆ. ಚುಚ್ಚಿದ್ದು ಕಿವಿಗೆ, ಕಿವಿ ಇರೋದು ತಲೇಲಿ. ಅಂದ್ಮೇಲೆ ಲೆಕ್ಕಕ್ಕೆ ಮಾವ ನಾನೇ" ಎಂದ ದಂಡಪಾಣಿ.

"ಒದೆ ತಿಂದೋನು ನಾನಣ್ಣಾ" ಎಂದು ಮಾರಪ್ಪನ್ ಊದಿದ ಗಲ್ಲ ತೋರಿಸಿದ. ಸರಣ್ಯಾ ಅರಿಶಿನ ಹಚ್ಚಲು ಬಂದರೆ ಬೇಡವೆಂದ. ತಿರುಪ್ಪೂರಿಗೆ ಹೋಗಿ ಎಲ್ಲರಿಗೂ ತೋರಿಸಬೇಕಂತೆ.

ಗೋಪಾಲಸಾಮಿ ವಾದಕ್ಕೆ ಬರಲಿಲ್ಲ. ಲಿಂಗಪ್ಪನ್ ಕೊಟ್ಟ ಗೀಟು ಗೀಟಿನ ಲುಂಗಿ ಉಟ್ಟು ಸುಮ್ಮನೆ ಉಣ್ಣುತ್ತಿದ್ದ. ಅವನ ಸಾಕ್ಷಿ ಎರಡು ತೆಂಗಿನ ಮರಗಳ ನಡುವಿನ ಹಗ್ಗದ ಮೇಲೆ ಎಲ್ಲರಿಗೂ ಕಾಣುವಂತೆ ತೂಗುತ್ತಿತ್ತು. ಚಿನ್ನತಾಯಿಯೇ ತೊಟ್ಟಿಯ ನೀರಿನಲ್ಲಿ ಒಗೆದು ಹಾಕಿದ್ದಳು.

ಅವಳು ರಸಂ ಬಡಿಸುತ್ತ ಲಿಂಗಪ್ಪನ್‌ನ ಎಲೆಯ ಹತ್ತಿರ ಬಂದಾಗ ಅವನು ತಲೆ ಎತ್ತಿದ. ಬಾಯಿ ತುಂಬ ಅನ್ನವಿದ್ದರೂ ಬಿಡಲಿಲ್ಲ.

"ಸಮ್ಮಂದೀ, ಈಗಾದ್ರೂ ಹೇಳಿ. ನಿಜವಾಗ್ಲೂ ನೀವು ಯಾವ ಅಣಿ?"

"ಕೈ ತೆಗೀರಿ, ಬಿಸಿ ಐತೆ" ಎಂದು ಅವಳು ರಸಂ ಸುರಿದಳು.

ಊಟ ಮುಗಿದ ಮೇಲೆ ಹೊರಡುವ ಮಾತು ಬಂತು. ಸೂಲೂರಿನ ವ್ಯಾನಿನವನು ಗಾಡಿ ಹತ್ತಿ ಕೂತ. ಕುಮ್ಮಿಯವರನ್ನೂ ಹತ್ತಿಸಿಕೊಳ್ಳೋಣ, ಬಸ್ಸಿಗೆ ಯಾಕೆ ಹೋಗಬೇಕು ಎಂದ ದಂಡಪಾಣಿ. ಪಂಚೆ ಒಣಗದೆ ವಾತ್ಯಾರು ಬರುವಂತಿಲ್ಲ ಎಂದರು ಕುಮ್ಮಿಯವರು. ವಾತ್ಯಾರನ್ನು ಬಿಟ್ಟು ಕುಮ್ಮಿಯವರು ಬರುವಂತಿಲ್ಲ, ಕುಮ್ಮಿಯವರು ಬರದೆ ವ್ಯಾನು ಹೊರಡುವಂತಿಲ್ಲ. ವ್ಯಾನು ಟೆಂಪೋಗೆ ಅಡ್ಡ ನಿಂತಿತ್ತು. ತಿರುಮಲೈಸಾಮಿಯೇ ಬೆಳಗ್ಗೆ ಹಾಗೆ ನಿಲ್ಲಿಸಿದ್ದು, ಬೇಕೆಂದೇ ನಿಲ್ಲಿಸಿದನೋ ಏನೋ, ಅವನನ್ನು ಕೇಳಿ ಪ್ರಯೋಜನವಿಲ್ಲ.

ಹೀಗಾಗಿ ಮೂರೂ ಅಣಿಯವರು ತೆಂಗಿನ ನೆರಳಲ್ಲಿ ಸಿಕ್ಕ ಸಿಕ್ಕ ಕಡೆ ಕೂತರು. ಗಾಳಿ ಹೆಚ್ಚಿರಲಿಲ್ಲ. ಚಿನ್ನತಾಯಿ ಆಗಾಗ ಎದ್ದು ಹೋಗಿ ಪಂಚೆಯ ಅಂಚನ್ನು ಮುಟ್ಟಿ ನೋಡಿ ಬರುತ್ತಿದ್ದಳು. ಒಣಗಿತಾ ಎಂದು ಯಾರಾದರೂ ಕೇಳಿದರೆ, ಇನ್ನೂ ಇಲ್ಲ ಎನ್ನುತ್ತಿದ್ದಳು.